ರಿಲೀಸ್ ಡೀಡಿಗೆ ಅಮ್ಮನ ಸೈನ್: ಒಂದು ಹೊಸ ನಾಟಕ, ಎರಡು ಓದು

ನಾಟಕದಲ್ಲಿ ನಾಲ್ಕೇ ಪಾತ್ರ. ಅಮ್ಮ, ಮಗಳು, ಮಗ, ಒಬ್ಬ ಬ್ರೋಕರ್. ಜಾಗ ರಾಜಾಜಿನಗರದ ಒಂದು ಹಳೇ ಮನೆ. ಅಪ್ಪ ಫ್ಯಾಕ್ಟರಿ ಕೆಲಸದಲ್ಲಿದ್ದಾಗ, ಆಗ ಊರಲ್ಲಿ ಸೈಟು ಹಂಚುತ್ತಿದ್ದ ಸಿಐಟಿಬಿಯಿಂದ ಸಿಕ್ಕಿದ ಸೈಟು ಅದು. ಅದರ ಜಾಗಕ್ಕೆ ಬಂದ ಬಿಡಿಎ ಹುಟ್ಟಿದ್ದು 1976ರಲ್ಲಿ, ಇದು ಅದಕ್ಕೂ ಮುಂಚಿನ ಮಾತು. ಸಾಲಸೋಲ ಮಾಡಿ ಅಪ್ಪನೇ ಮನೆ ಕಟ್ಟಿಸಿದ್ದ. ಈಗ ಅಪ್ಪ ಇಲ್ಲ, ವಿಲ್ಲೂ ಬರೆದಿಟ್ಟಿಲ್ಲ. ಬಿಲ್ಡರ್ ಒಬ್ಬ ಬಂದಿದ್ದಾನೆ. ಮನೆ ಕೆಡವಿ ಫ್ಲ್ಯಾಟ್ ಎಬ್ಬಿಸುವುದು, ಅರ್ಧ ಮನೆಯವರಿಗೆ, ಅರ್ಧ ಬಿಲ್ಡರಿಗೆ. ಮದುವೆಯಾಗಿ ಹೋದ ಮಗಳು, ತನ್ನ ಪಾಲು ಬಿಟ್ಟುಕೊಡುವ ರಿಲೀಸ್ ಡೀಡಿಗೆ ಒಂದು ಸೈನ್ ಹಾಕಿಬಿಟ್ಟರೆ ಕೆಲಸ ಮುಗಿಯುತ್ತದೆ. ಅದಕ್ಕೇ ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದಿದ್ದಾರೆ. ಕಥೆ ಅಷ್ಟೇ.

ಬರೆದವರು ಕಾಲೇಜಿನಲ್ಲಿ ಪಾಠ ಮಾಡುವ ಹೆಣ್ಣುಮಗಳು. ಕಥೆಗಳನ್ನು ಬರೆದಿದ್ದರು, ನಾಟಕ ಇದೇ ಮೊದಲು. ಬೆಂಗಳೂರಿನ ಒಂದು ಚಿಕ್ಕ ನಾಟಕೋತ್ಸವ ಆ ವರ್ಷ ಹೊಸ ಸ್ಕ್ರಿಪ್ಟುಗಳ ಓದಿಗೆ, ಅಂದರೆ ನಟರು ಜನರೆದುರು ಕೂತು ಸ್ಕ್ರಿಪ್ಟನ್ನು ಜೋರಾಗಿ ಓದುವುದಕ್ಕೆ, ಜಾಗ ಕೊಟ್ಟಿತ್ತು. ಆಯ್ಕೆಯಾದ ಮೂರರಲ್ಲಿ ಇದೂ ಒಂದು. ಓದುಗಳ ಉಸ್ತುವಾರಿ ನನ್ನದು. ನಾಟಕ ಇನ್ನೂ ಪೂರ್ತಿಯಾಗಿ ರಂಗಕ್ಕೆ ಬಂದಿಲ್ಲ, ಹಾಗಾಗಿ ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಒಂದು ಶನಿವಾರದಿಂದ ಇನ್ನೊಂದು ಶನಿವಾರದೊಳಗೆ ಈ ಸ್ಕ್ರಿಪ್ಟಿಗೆ ಏನಾಯಿತು, ಅದು ಯಾಕೆ ಆಯಿತು ಅನ್ನುವುದಷ್ಟೇ ಈ ಬರಹ.

ಓದು ಯಾಕೆ ಬೇಕಿತ್ತು

ಬೆಂಗಳೂರಿನಲ್ಲಿ ಹೊಸ ಕನ್ನಡ ನಾಟಕ ರಂಗಕ್ಕೆ ಬರುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಸ್ಕ್ರಿಪ್ಟು ನಿರ್ದೇಶಕರ ಕೈಗೆ ಬರುತ್ತದೆ. ನಟರೆಲ್ಲ ಆಫೀಸು, ಬ್ಯಾಂಕು, ಸ್ಕೂಲು ಮುಗಿಸಿ ಸಂಜೆ ಏಳರ ಮೇಲೆ ಸೇರುತ್ತಾರೆ. ಯಾವುದೋ ಶಾಲೆಯ ಕೋಣೆಯಲ್ಲೋ ಯಾರದೋ ಮನೆ ತಾರಸಿ ಮೇಲೋ ತಾಲೀಮು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಕಾಯುವುದರಲ್ಲಿ ಮೊದಲ ಅರ್ಧ ಗಂಟೆ ಹೋಗುತ್ತದೆ. ಅಷ್ಟರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲೋ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಡೇಟ್ ಸಿಕ್ಕಿರುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಾಗಿರುತ್ತದೆ, ಸಂಗೀತದವರು ಬಂದಿರುತ್ತಾರೆ. ಮೂರನೇ ದೃಶ್ಯ ಎಳೆಯುತ್ತಿದೆ ಅಂತ ಆಗ ಯಾರಿಗಾದರೂ ಅನ್ನಿಸಿದರೂ ಕೈ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ಕಲಿತ ಮಾತನ್ನು ನಟರು ಮರೆಯಬೇಕು, ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅನ್ನುವ ಬ್ಲಾಕಿಂಗ್ ಬದಲಾಗಬೇಕು, ಲೈಟ್ಸ್ ಬದಲಾಗಬೇಕು. ನಾಟಕದ ನಿಜವಾದ ತೊಂದರೆ ಮೊದಲ ಶೋ ದಿನ ಗೊತ್ತಾಗುತ್ತದೆ. ಎರಡನೇ ಶೋ ಯಾವಾಗಲೋ.

ಇನ್ನೊಂದು ಕಾರಣ ನಮ್ಮ ರಂಗಭೂಮಿಯ ಶಕ್ತಿಯಲ್ಲೇ ಇದೆ. ಕಂಬಾರರ ಜೋಕುಮಾರಸ್ವಾಮಿಯನ್ನು ಬಿ.ವಿ. ಕಾರಂತರು 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದರಲ್ಲ, ಅಲ್ಲಿಂದ ಈಚೆಗೆ ಹಾಡು, ಕುಣಿತ, ಗುಂಪು ಇವುಗಳನ್ನು ಬಳಸುವುದರಲ್ಲಿ ನಮ್ಮ ನಿರ್ದೇಶಕರದು ಎತ್ತಿದ ಕೈ. ಆದರೆ ಸೋತ ದೃಶ್ಯಕ್ಕೂ ಒಂದು ಹಾಡು ಹಾಕಿ ದಾಟಿಸಿಬಿಡುವ ಅಭ್ಯಾಸವೂ ಅದರ ಜೊತೆಗೇ ಬಂತು. ಸಾರಿಗೆ ಬೇಳೆ ಕಮ್ಮಿಯಾದಾಗ ಒಗ್ಗರಣೆ ಜೋರಾಗಿ ಹಾಕಿದ ಹಾಗೆ. ಕಾರಂತರ ನಾಟಕದಲ್ಲಿ ಹಾಡಿಗೆ ಕೆಲಸವಿತ್ತು. ಈಗ ಎಷ್ಟೋ ಕಡೆ ಅದಕ್ಕೆ ಇರುವುದು ಮುಚ್ಚುವ ಕೆಲಸ ಮಾತ್ರ.

ಓದಿನಲ್ಲಿ ಇದ್ಯಾವುದೂ ಇಲ್ಲ. ಕುರ್ಚಿ, ಮ್ಯೂಸಿಕ್ ಸ್ಟ್ಯಾಂಡು, ಕೈಯಲ್ಲಿ ಸ್ಕ್ರಿಪ್ಟು, ಎದುರಿಗೆ ಜನ. ಮಾತು ನಿಲ್ಲಬೇಕಾದರೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹೊರಗೆ ಇದಕ್ಕೆ ದೊಡ್ಡ ವ್ಯವಸ್ಥೆಯೇ ಇದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1964ರಲ್ಲಿ ಶುರುವಾದ ಯುಜೀನ್ ಓನೀಲ್ ಥಿಯೇಟರ್ ಸೆಂಟರ್ ಇದೇ ಕೆಲಸಕ್ಕೆ ಹೆಸರು ಮಾಡಿತು. ಆಗಸ್ಟ್ ವಿಲ್ಸನ್ ಅವರ 'ಮಾ ರೈನೀಸ್ ಬ್ಲ್ಯಾಕ್ ಬಾಟಮ್' ಅಲ್ಲಿ ಓದಾಗಿದ್ದು 1982ರಲ್ಲಿ, ಬ್ರಾಡ್‌ವೇ ಮುಟ್ಟಿದ್ದು 1984ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕಡೆ 1976ರಲ್ಲಿ ಶುರುವಾದ ಬೇ ಏರಿಯಾ ಪ್ಲೇರೈಟ್ಸ್ ಫೆಸ್ಟಿವಲ್‌ನಲ್ಲಿ ಒಂದೇ ನಾಟಕವನ್ನು ಎರಡು ಸಲ ಓದುವ ಪದ್ಧತಿ ಇತ್ತು. ನಡುವೆ ಕೆಲವು ದಿನ ಬಿಡುವು, ಆ ಬಿಡುವಿನಲ್ಲಿ ನಾಟಕಕಾರರು ತಿದ್ದಿ ಬರೆಯುತ್ತಿದ್ದರು. ಮುಂಬೈಯಲ್ಲಿ ರೇಜ್ ನಾಟಕ ತಂಡ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್ ಜೊತೆ ಸೇರಿ ನಡೆಸಿದ ರೈಟರ್ಸ್ ಬ್ಲಾಕ್ ಕೂಡ ಹೊಸ ನಾಟಕಗಳನ್ನು ಬೆಳೆಸುವುದಕ್ಕೇ ಇದ್ದದ್ದು. ನಮ್ಮ ಉತ್ಸವ ಆರಿಸಿಕೊಂಡಿದ್ದು ಎರಡು ಓದು, ನಡುವೆ ಒಂದು ವಾರ ಅನ್ನುವ ಲೆಕ್ಕ.

ಕೂತು ಕೇಳುವುದು ನಮಗೇನು ಹೊಸದಲ್ಲ, ಬಿಡಿ. ಕೈಲಾಸಂ ನಾಟಕಗಳನ್ನು ಬಾಯಲ್ಲೇ ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳುತ್ತಿದ್ದರು. ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ಊರಿಗೆ ಊರೇ ಕೂತಿರುತ್ತಿತ್ತು. ಆದರೆ ಅಲ್ಲಿ ಕಥೆ ಎಲ್ಲರಿಗೂ ಗೊತ್ತು. ಗೊತ್ತಿರುವ ಕಥೆ ಹೇಗೆ ಬರುತ್ತದೆ ಅಂತ ಕಾಯುವುದು ಬೇರೆ, ಮುಂದೇನು ಅಂತಲೇ ಗೊತ್ತಿಲ್ಲದೆ ಕಾಯುವುದು ಬೇರೆ.

ತಾಲೀಮು

ಓದಿಗೆ ತಾಲೀಮು ಎಷ್ಟು ಬೇಕು ಅನ್ನುವುದರ ಮೇಲೆ ನಮ್ಮಲ್ಲಿ ಮೊದಲೇ ಜಗಳ. ನಿರ್ದೇಶಕರು ಎರಡು ವಾರ ಕೇಳಿದರು. ನಾನು ನಾಲ್ಕೇ ಸಂಜೆ ಅಂದೆ. ಬಿಗಿಯಾಗಿ ನಿಂತೆ. ಒಳ್ಳೆಯ ನಟರಿಗೆ ಜಾಸ್ತಿ ಸಮಯ ಕೊಟ್ಟರೆ ಅವರು ಕೆಟ್ಟ ದೃಶ್ಯವನ್ನು ಕಾಪಾಡಿಬಿಡುತ್ತಾರೆ. ಮಾತಿನಲ್ಲಿ ಇಲ್ಲದ್ದನ್ನು ಒಂದು ನಿಟ್ಟುಸಿರಲ್ಲಿ, ಒಂದು ನೋಟದಲ್ಲಿ ತುಂಬುತ್ತಾರೆ. ಜನಕ್ಕೆ ಖುಷಿಯಾಗುತ್ತದೆ, ಬರೆದವರಿಗೂ ಖುಷಿಯಾಗುತ್ತದೆ, ಸ್ಕ್ರಿಪ್ಟಿನ ತೂತು ಹಾಗೇ ಉಳಿಯುತ್ತದೆ. ಮುಂದೆ ಬೇರೆ ಯಾವುದೋ ತಂಡ ಅದೇ ದೃಶ್ಯ ಆಡಿದಾಗ ಆ ತೂತು ಕಾಣುತ್ತದೆ.

ಮೊದಲ ಸಂಜೆ ಸುತ್ತ ಕೂತು ಓದಿದರು. ಲೇಖಕಿ ತಮ್ಮ ಪ್ರತಿ ತೆರೆದಿಟ್ಟುಕೊಂಡು ಪೆನ್ನಿನಲ್ಲಿ ಕಾಮಾ ತಿದ್ದುತ್ತಿದ್ದರು. ನಿರ್ದೇಶಕರು, "ಮೇಡಂ, ಮುಚ್ಚಿಡಿ. ಬರೀ ಕೇಳಿ," ಅಂದರು. ಒಲ್ಲದ ಮನಸ್ಸಿನಿಂದ ಮುಚ್ಚಿದರು. ಹತ್ತು ನಿಮಿಷವಾಗಿರಬಹುದು, ಅವರೇ ಕೈ ಎತ್ತಿದರು. "ಅಮ್ಮನೂ ಮಗಳ ಥರಾನೇ ಮಾತಾಡ್ತಾ ಇದಾಳಲ್ಲ!" ನಿಜ. ಎಪ್ಪತ್ತು ದಾಟಿದ, ಅಡುಗೆಮನೆ ಬಿಟ್ಟು ಹೊರಗೆ ಬಾರದ ಹೆಂಗಸು ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸೇರಿಸಿ ಪೂರ್ತಿ ವಾಕ್ಯ ಹೇಳುತ್ತಿದ್ದಳು. ಮೌನವಾಗಿ ಓದಿಕೊಂಡಾಗ ಇದು ಕಂಡಿರಲಿಲ್ಲ. ಆ ರಾತ್ರಿಯೇ ಅಮ್ಮನ ಮಾತು ಅರ್ಧಕ್ಕರ್ಧ ಕತ್ತರಿಸಿದರು.

ರಂಗಸೂಚನೆಗಳದ್ದು ಇನ್ನೊಂದು ಕಥೆ. ಓದಿನಲ್ಲಿ ಅವನ್ನು ಒಬ್ಬರು ಜೋರಾಗಿ ಓದಬೇಕು. ಆ ಕೆಲಸ ತಂಡದ ಒಬ್ಬ ಹುಡುಗನಿಗೆ ಬಂತು. 'ಅವಳ ಕಣ್ಣಲ್ಲಿ ಇಪ್ಪತ್ತು ವರ್ಷಗಳ ನೋವು ತುಳುಕುತ್ತದೆ' ಅಂತ ಓದುವಷ್ಟರಲ್ಲಿ ಅವನಿಗೇ ನಾಚಿಕೆಯಾಗಿ ನಿಲ್ಲಿಸಿದ. ಎಲ್ಲರೂ ನಕ್ಕರು, ಲೇಖಕಿಯೂ ನಕ್ಕರು. ಆಮೇಲೆ ಕೂತು ನೋಡಿದರೆ ಅಂಥ ಸೂಚನೆ ಪುಟಕ್ಕೊಂದು. ಕಾದಂಬರಿಯಲ್ಲಾದರೆ ನಡೆಯುತ್ತದೆ, ಕಥೆ ಬರೆದು ಪಳಗಿದ ಕೈ ಅಲ್ವಾ. ಇಲ್ಲಿ ಆ ನೋವು ಮಾತಿನಲ್ಲಿ ಇದ್ದರೆ ಕೇಳಿಸುತ್ತದೆ, ಇಲ್ಲದಿದ್ದರೆ ಇಲ್ಲ. ಕಿವಿಗೆ ಬೇಕಾದಷ್ಟು ಸೂಚನೆ ಮಾತ್ರ ಇಟ್ಟುಕೊಂಡೆವು. ಬಾಗಿಲು ತಟ್ಟಿದ್ದು, ಕಾಗದ ಹೊರಗೆ ತೆಗೆದದ್ದು, ಫೋನ್ ಬಂದದ್ದು.

ಬ್ರೋಕರ್ ಪಾತ್ರದವರು ಸೀರಿಯಲ್ಲಿನ ನಟ. ಶೂಟಿಂಗ್ ಮುಗಿಸಿ ತಡವಾಗಿ ಬಂದರು, ಸ್ಕ್ರಿಪ್ಟನ್ನು ಆಗಲೇ ಮೊದಲ ಸಲ ನೋಡಿದ್ದು. ಆದರೂ ಬಾಯಿ ತೆರೆದ ಕೂಡಲೇ ಕೋಣೆ ಅವರದ್ದಾಯಿತು. ರಾಜಾಜಿನಗರದ ಮನೆಯ ಸೋಫಾದ ಮೇಲೆ ಕಾಲು ಚಾಚಿ ಕೂತು ಫೋನಿನಲ್ಲಿ, "ಸಾರ್, ಸಬ್‌ರಿಜಿಸ್ಟ್ರಾರ್ ಆಫೀಸ್ ಮುಂದೇನೇ ನಿಂತಿದೀನಿ ಸಾರ್, ಕ್ಯೂ ಐತೆ," ಅನ್ನುವ ಮಾತನ್ನು ಅವರು ಹೇಳಿದ ರೀತಿಗೆ ಲೇಖಕಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನನಗೆ ಅಲ್ಲೇ ಸ್ವಲ್ಪ ಭಯವಾಯಿತು.

ಮೊದಲ ಶನಿವಾರ

ಬನಶಂಕರಿ ಕಡೆಯ ಒಂದು ಚಿಕ್ಕ ಸಭಾಂಗಣ. ಸಂಜೆ ಮಳೆ. ಆದರೂ ಜನ ಬಂದರು, ಪ್ಲಾಸ್ಟಿಕ್ ಕುರ್ಚಿ ಸಾಲದೆ ಕೆಲವರು ಹಿಂದೆ ನಿಂತರು. ನಮ್ಮಲ್ಲಿ ಇಬ್ಬರು ಪಕ್ಕದಲ್ಲಿ, ವೇದಿಕೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಕೂತಿದ್ದೆವು. ಕೈಯಲ್ಲಿ ಸ್ಕ್ರಿಪ್ಟು. ನಗು ಬಂದಲ್ಲಿ ಒಂದು ಗುರುತು, ಕೆಮ್ಮು ಬಂದಲ್ಲಿ ಇನ್ನೊಂದು. ಕುರ್ಚಿ ಸದ್ದು, ಫೋನಿನ ಬೆಳಕು, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದು, ಎಲ್ಲಕ್ಕೂ ಮಾರ್ಜಿನ್ನಿನಲ್ಲಿ ಗುರುತು. ಓದು ಮುಗಿದ ಮೇಲೆ ಜನ ಏನು ಹೇಳುತ್ತಾರೋ ಅದಕ್ಕಿಂತ ಈ ಗುರುತುಗಳನ್ನು ನಾನು ಹೆಚ್ಚು ನಂಬುತ್ತೇನೆ. ಬಾಯಲ್ಲಿ ಎಲ್ಲರೂ ಸಂಕೋಚದವರು. ಬೇಜಾರಾದಾಗ ಕುರ್ಚಿ ಮಾತ್ರ ಸದ್ದು ಮಾಡದೆ ಬಿಡುವುದಿಲ್ಲ.

ಬ್ರೋಕರ್ ಬಂದಾಗಲೆಲ್ಲ ನಗು. ಅವನು ಇಲ್ಲದ ಪುಟಗಳಲ್ಲಿ ಜನ ಅವನಿಗಾಗಿ ಕಾಯುತ್ತಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. ಅಮ್ಮ ಮತ್ತು ಮಗ ಇಬ್ಬರೇ ಇರುವ ಒಂದು ಉದ್ದದ ದೃಶ್ಯದ ತುಂಬ ಕೆಮ್ಮು. ಕೊನೆಗೆ ಮಗಳ ದೊಡ್ಡ ಮಾತು ಬಂತು. ಸ್ಕ್ರಿಪ್ಟಿನಲ್ಲಿ ಇದ್ದದ್ದು ಹೀಗೆ:

"ಇಪ್ಪತ್ತು ವರ್ಷದಿಂದ ನೆಂಟಳ ಥರ ಬಂದು ಹೋಗ್ತಾ ಇದೀನಿ. ಬಂದಾಗೆಲ್ಲ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸು. ಇವತ್ತು ಸೈನ್ ಬೇಕು ಅಂದ ಕೂಡ್ಲೆ ನಾನು ಈ ಮನೆ ಮಗಳಾದ್ನಾ? 2005ರಲ್ಲೇ ಕಾನೂನು ಬಂದಿದೆ ಕಣೋ, ಗಂಡು ಮಕ್ಕಳಿಗೆಷ್ಟೋ ಹೆಣ್ಣು ಮಕ್ಕಳಿಗೂ ಅಷ್ಟೇ ಅಂತ!"

ಮುಂದೆ ಇನ್ನೂ ಒಂದೂವರೆ ಪುಟ. ಮಧ್ಯದಲ್ಲೇ ಚಪ್ಪಾಳೆ ಬಿತ್ತು. ನಟಿ ಸೊಗಸಾಗಿ ಓದಿದರು. ಆಮೇಲೆ ಮಗಳು ರಿಲೀಸ್ ಡೀಡನ್ನು ಹರಿದು ಹಾಕುತ್ತಾಳೆ, ನಾಟಕ ಮುಗಿಯುತ್ತದೆ.

ಆದರೆ ಅವತ್ತು ಅಲ್ಲಿಗೆ ಮುಗಿಯಲಿಲ್ಲ. ಹುಡುಗ, 'ಅವಳು ಕಾಗದವನ್ನು ಹರಿದು ಎಸೆಯುತ್ತಾಳೆ' ಅಂತ ಸೂಚನೆ ಓದಿದ. ಒಂದು ಕ್ಷಣ ಸದ್ದಿಲ್ಲ. ಬ್ರೋಕರ್ ಪಾತ್ರದವರು ಮೆಲ್ಲಗೆ, ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ಮಾತು ಸೇರಿಸಿಬಿಟ್ಟರು: "ಇನ್ನೊಂದ್ ಪ್ರಿಂಟ್ ಐತೆ ಬಿಡಿ ಸಾರ್, ಗಾಡೀಲಿ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಲೇಖಕಿಯ ಮುಖ ಕಪ್ಪಾಯಿತು. ನಿರ್ದೇಶಕರು ಆಮೇಲೆ ಹೊರಗೆ ಕರೆದು ಚೆನ್ನಾಗಿಯೇ ಬೈದರು. ಬೈದದ್ದು ಸರಿ. ಓದಿನಲ್ಲಿ ನಟರು ಒಂದು ಅಕ್ಷರವನ್ನೂ ಸೇರಿಸಬಾರದು, ಬರೆದವರು ತಮ್ಮ ಮಾತನ್ನೇ ಕೇಳಬೇಕು. ಈ ನಿಯಮವನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಆ ಒಂದು ಮಾತು ನಾಟಕದ ಕೊನೆಯನ್ನು ಬೆತ್ತಲೆ ಮಾಡಿತು ಅನ್ನುವುದೂ ನಿಜ. ಹರಿದದ್ದು ಬರೀ ಕರಡು ಕಾಗದ. ರಿಜಿಸ್ಟರ್ ಆಗದ ಕಾಗದ ಹರಿದರೆ ಯಾರಿಗೇನು ನಷ್ಟ? ಆ ಬ್ರೋಕರ್ ನಿಜವಾಗಿ ಅಲ್ಲಿದ್ದಿದ್ದರೆ ಅದೇ ಮಾತನ್ನೇ ಆಡುತ್ತಿದ್ದ.

ಸಂವಾದ, ಒಂದು ಪ್ರಶ್ನೆ

ನಮ್ಮೂರಿನ ನಾಟಕ ಸಂವಾದ ನೋಡಿದವರಿಗೆ ಗೊತ್ತು. ಹಿರಿಯರೊಬ್ಬರು ಮೈಕ್ ತೆಗೆದುಕೊಂಡು "ಎರಡೇ ಮಾತು" ಅಂತ ಶುರು ಮಾಡಿದರೆ ಕಾಲು ಗಂಟೆ ಗ್ಯಾರಂಟಿ. ಹಾಗಾಗದಿರಲಿ ಅಂತ ನಾವು ಲಿಜ್ ಲರ್ಮನ್ ಅನ್ನುವ ಅಮೆರಿಕದ ನೃತ್ಯ ಸಂಯೋಜಕಿ ರೂಪಿಸಿದ ನಾಲ್ಕು ಹಂತದ ಕ್ರಮವನ್ನು ಇಟ್ಟುಕೊಂಡಿದ್ದೆವು. ಮೊದಲು ಜನ ತಮ್ಮನ್ನು ತಟ್ಟಿದ್ದು ಏನು ಅಂತಷ್ಟೇ ಹೇಳಬೇಕು. ಆಮೇಲೆ ಬರೆದವರು ಜನರನ್ನು ಕೇಳುತ್ತಾರೆ. ಮೂರನೆಯದರಲ್ಲಿ ಜನ ಕೇಳಬಹುದು, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ತುರುಕಬಾರದು. ಅಭಿಪ್ರಾಯಕ್ಕೆ ಜಾಗ ಕೊನೆಯಲ್ಲಿ, ಅದೂ ಬರೆದವರು ಬೇಕು ಅಂದರೆ ಮಾತ್ರ.

ಇದನ್ನು ಬೆಂಗಳೂರಿನಲ್ಲಿ ನಡೆಸುವುದು ಕಷ್ಟ. ಮೊದಲ ಹಂತದಲ್ಲೇ ಒಬ್ಬರು ಮಗಳು ಸೈನ್ ಹಾಕಲೇಬಾರದು ಅಂದರು. ಇನ್ನೊಬ್ಬರು ಹಾಕಿ ದೊಡ್ಡವಳಾಗಬೇಕು ಅಂದರು. ಅವರಿಬ್ಬರಿಗೇ ಸ್ವಲ್ಪ ಹೊತ್ತು ವಾದವಾಯಿತು. ಅದು ನಾಟಕದ ಬಗ್ಗೆಯೋ ಅವರವರ ಮನೆಯ ಬಗ್ಗೆಯೋ ಹೇಳುವುದು ಕಷ್ಟ. ಮಧ್ಯೆ ಬಾಯಿ ಹಾಕಿ ನಿಲ್ಲಿಸಬೇಕಾಯಿತು.

ಮೂರನೇ ಹಂತದಲ್ಲಿ ಒಬ್ಬ ಹೆಂಗಸು ಕೈ ಎತ್ತಿದರು. ವಕೀಲರಂತೆ. ಕೇಳಿದ್ದು ಇಷ್ಟೇ: "ಸೈಟು ಅಪ್ಪನೇ ತಗೊಂಡಿದ್ದು, ವಿಲ್ ಇಲ್ಲ ಅಂತೀರಿ. ಹಾಗಾದ್ರೆ ಅಮ್ಮನ ಸೈನ್ ಯಾಕೆ ಯಾರೂ ಕೇಳ್ತಾ ಇಲ್ಲ?"

ಯಾರೂ ಮಾತಾಡಲಿಲ್ಲ. ಲೇಖಕಿ ಬರೆದುಕೊಂಡರು.

ಆ ಪ್ರಶ್ನೆಯ ಹಿಂದಿನ ಕಾನೂನು ಇದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುವುದು ಒಟ್ಟು ಕುಟುಂಬದ, ಪಿತ್ರಾರ್ಜಿತ ಆಸ್ತಿಯ ಮಾತು. ಅದರಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಕರ್ನಾಟಕದಲ್ಲಿ ಇಂಥದೊಂದು ತಿದ್ದುಪಡಿ 1994ರಲ್ಲೇ ಬಂದಿತ್ತು, ಅಷ್ಟರೊಳಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ. 2005ರ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಇದೆಲ್ಲ ಸರಿ. ಆದರೆ ಈ ನಾಟಕದ ಮನೆ ಅಪ್ಪನ ಸ್ವಯಾರ್ಜಿತ. ಇದಕ್ಕೆ 2005ರವರೆಗೆ ಹೋಗಬೇಕಾಗಿಯೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ವಿಲ್ ಇಲ್ಲದೆ ತೀರಿಕೊಂಡವನ ಸ್ವಂತ ಆಸ್ತಿ ಹೆಂಡತಿ, ಮಗ, ಮಗಳು, ಅವನ ತಾಯಿ ಬದುಕಿದ್ದರೆ ತಾಯಿ, ಇವರಿಗೆ ಸಮನಾಗಿ ಹೋಗುತ್ತದೆ. ಅಂದರೆ ಇಲ್ಲಿ ಮೂವರಿಗೂ ಮೂರರಲ್ಲಿ ಒಂದು ಪಾಲು. ಮಗಳಷ್ಟೇ ಹಕ್ಕು ಅಮ್ಮನಿಗೂ ಇದೆ. ಮಗನ ಹೆಸರಿಗೆ ಮನೆ ಆಗಬೇಕಾದರೆ ಅಮ್ಮನೂ ಬಿಟ್ಟುಕೊಡಬೇಕು.

ಚಪ್ಪಾಳೆ ಗಿಟ್ಟಿಸಿದ ಮಾತಿನಲ್ಲೇ ಕಾನೂನು ತಪ್ಪು. ಅದನ್ನು ತಿದ್ದುವುದು ಒಂದು ನಿಮಿಷದ ಕೆಲಸ. ಆದರೆ ನಾಟಕದ ಅಡಿಪಾಯವೇ ಅಲ್ಲಾಡಿತ್ತು. ಮಗಳು ಮತ್ತು ಮಗನ ಜಗಳದ ಮಧ್ಯೆ ಹುಳಿ ಬಡಿಸುತ್ತ ಓಡಾಡುತ್ತಿದ್ದ ಅಮ್ಮ ಈಗ ಮೂರನೆಯ ಪಾಲುದಾರಳು. ಅವಳ ಸೈನ್ ಆಗಿದೆಯಾ? ಯಾವಾಗ? ಅವಳಿಗೆ ಗೊತ್ತಿದ್ದೇ ಆಗಿದ್ದಾ?

ನಡುವಿನ ವಾರ

ಲೇಖಕಿಗೆ ಮೊದಲು ಹೊಳೆದದ್ದು ನಮ್ಮೆಲ್ಲರಿಗೂ ಹೊಳೆಯಬಹುದಾದದ್ದೇ. ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಡುವ ನೆಪದಲ್ಲಿ ಮಗ ಅಮ್ಮನ ಸೈನ್ ಹಾಕಿಸಿಕೊಂಡಿದ್ದಾನೆ, ಪಾಪ ಅಮ್ಮನಿಗೆ ಗೊತ್ತೇ ಇಲ್ಲ. ಸೋಮವಾರ ರಾತ್ರಿ ಹಾಗೇ ಒಂದು ದೃಶ್ಯ ಬರೆದು ಗ್ರೂಪಿಗೆ ಪಿಡಿಎಫ್ ಕಳಿಸಿದರು. ಓದಲು ಚೆನ್ನಾಗಿತ್ತು. ನಟಿಯರಿಗೆ ಅಳಲು ಜಾಗವಿತ್ತು.

ಮಂಗಳವಾರ ಆ ವಕೀಲರಿಗೇ ಫೋನ್ ಮಾಡಿದೆವು. ಅವರು ಒಪ್ಪಲಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ರಿಜಿಸ್ಟರ್ ಆಗಬೇಕು. ಅದಕ್ಕೆ ಸಬ್‌ರಿಜಿಸ್ಟ್ರಾರ್ ಎದುರು ಹಾಜರಾಗಬೇಕು. ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುತ್ತಾರೆ. ಬ್ಯಾಂಕಿನ ಕಾಗದದ ಜೊತೆ ಇದೂ ಒಂದು ಅಂತ ಸೈನ್ ಹಾಕಿಸಿಕೊಂಡರೆ ನಡೆಯುವುದಿಲ್ಲ. ನಮಗೆ ಗೊತ್ತಿರುವ ಈ ಅಮ್ಮ ದಡ್ಡಿಯೂ ಅಲ್ಲ. ಅಂದರೆ ಅವಳು ಹೋಗಿದ್ದಾಳೆ, ಕೂತಿದ್ದಾಳೆ, ಫೋಟೋಕ್ಕೆ ಮುಖ ಕೊಟ್ಟಿದ್ದಾಳೆ. ಗೊತ್ತಿದ್ದೇ ಕೊಟ್ಟಿದ್ದಾಳೆ. ಮಗಳಿಗೆ ಹೇಳಿಲ್ಲ.

ಕಾನೂನು ಒಂದು ಬಾಗಿಲು ಮುಚ್ಚಿದ್ದರಿಂದ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿತು. ಮೋಸ ಹೋದ ಅಮ್ಮನ ಮೇಲೆ ಕನಿಕರ ಬರುತ್ತದೆ, ಅಲ್ಲಿಗೆ ಮುಗಿಯಿತು. ಗೊತ್ತಿದ್ದೇ ಸೈನ್ ಹಾಕಿ ಸುಮ್ಮನಿದ್ದ ಅಮ್ಮನನ್ನು ಏನು ಮಾಡುವುದು? ಕನಿಕರವೂ ಬರುತ್ತದೆ, ಸಿಟ್ಟೂ ಬರುತ್ತದೆ. ಕೊನೆಗಾಲದಲ್ಲಿ ಯಾರ ಮನೆಯಲ್ಲಿ ಇರಬೇಕು ಅಂತ ಅವಳು ಲೆಕ್ಕ ಹಾಕಿದ್ದಾಳೆ. ಆ ಲೆಕ್ಕ ತಪ್ಪು ಅಂತ ಹೇಳುವುದೂ ಸುಲಭವಲ್ಲ.

ಗುರುವಾರ ಬಂದ ದೃಶ್ಯ ಇದು. ಚಪ್ಪಾಳೆಯ ಒಂದೂವರೆ ಪುಟ ಇದ್ದ ಜಾಗಕ್ಕೆ ಇಷ್ಟು:

ಮಗ: ಇನ್ನು ನಿಂದೊಂದೇ ಬಾಕಿ ಅಕ್ಕ.
ಮಗಳು: ಒಂದೇನಾ? ಅಮ್ಮಂದು?
(ಮಗ ಸುಮ್ಮನಿದ್ದಾನೆ.)
ಅಮ್ಮ: ಹುಳಿ ಆರೋಗುತ್ತೆ. ಏಳಿ, ಎಲೆ ಹಾಕ್ತೀನಿ.
ಮಗಳು: ಯಾವತ್ತು ಹೋಗಿದ್ದೆ ಅಮ್ಮ?
ಅಮ್ಮ: ಎಲ್ಲಿಗೆ?
ಮಗಳು: ಫೋಟೋ ತೆಗೀತಾರಲ್ಲ, ಹೆಬ್ಬೆಟ್ಟು ಒತ್ತಿಸ್ಕೋತಾರಲ್ಲ. ಅಲ್ಲಿಗೆ.
ಅಮ್ಮ: ಗೌರಿ ಹಬ್ಬದ ಹಿಂದಿನ ವಾರ.
ಮಗಳು: ಗೌರಿ ಹಬ್ಬಕ್ಕೆ ಬಂದಿದ್ನಲ್ಲ ನಾನು.
ಅಮ್ಮ: ಹೂಂ. ಬಾಗಿನ ಕೊಟ್ನಲ್ಲ.

ಹೊಸ ಪುಟಗಳನ್ನು ಅವೆನ್ಯೂ ರಸ್ತೆಯಿಂದ ತಂದ ಹಳದಿ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದೆವು, ಯಾವುದು ಹಳೆಯದು ಯಾವುದು ಹೊಸದು ಅಂತ ನಟರಿಗೆ ಗೊಂದಲ ಆಗಬಾರದಲ್ಲ. ಶುಕ್ರವಾರ ಒಂದೇ ಸಂಜೆ ತಾಲೀಮು. ಅಮ್ಮನ ಪಾತ್ರದವರು "ಬಾಗಿನ ಕೊಟ್ನಲ್ಲ" ಅನ್ನುವುದನ್ನು ಮೊದಲ ಸಲ ಗದ್ಗದದಲ್ಲಿ ಓದಿದರು. ನಿರ್ದೇಶಕರು ತಡೆದರು. "ಅಳಬೇಡಿ ಅಮ್ಮ. ಲೆಕ್ಕ ಒಪ್ಪಿಸೋ ಥರ ಹೇಳಿ, ಸಾಕು." ಎರಡನೇ ಸಲ ಹಾಗೇ ಹೇಳಿದರು. ಮಗಳ ಪಾತ್ರದವರು ಮುಂದಿನ ಸಾಲು ಓದುವುದನ್ನೇ ಮರೆತರು.

ಎರಡನೇ ಶನಿವಾರ

ಬ್ರೋಕರ್ ನಟರಿಗೆ ಅವತ್ತು ಶೂಟಿಂಗ್ ಬಂತು. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ, "ಕಾಲ್‌ಶೀಟ್ ಬದಲಾಯ್ತು, ಕ್ಷಮಿಸಿ," ಅಂದರು. ನಿರ್ದೇಶಕರಿಗೆ ತಲೆಬಿಸಿ. ಬೇರೆ ದಾರಿಯಿಲ್ಲದೆ ರಂಗಸೂಚನೆ ಓದುತ್ತಿದ್ದ ಹುಡುಗನ ಕೈಗೇ ಬ್ರೋಕರ್ ಪಾತ್ರವೂ ಬಂತು. ಅವನು ಸಪ್ಪೆಯಾಗಿ, ತಪ್ಪಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಓದಿದ. ನನ್ನ ಮಟ್ಟಿಗೆ ಇಡೀ ಉತ್ಸವದಲ್ಲಿ ಆದ ಅತ್ಯಂತ ಉಪಯೋಗದ ಕೆಲಸ ಇದು. ಹೋದ ವಾರದ ಗುರುತುಗಳ ಪಕ್ಕ ಈ ವಾರದ ಗುರುತು ಇಟ್ಟು ನೋಡಿದರೆ, ಬ್ರೋಕರ್ ಪುಟಗಳಲ್ಲಿ ಮುಕ್ಕಾಲು ಪಾಲು ನಗು ಮಾಯ. ಉಳಿದದ್ದು ಲೇಖಕಿ ಬರೆದ ನಗು, ಹೋದದ್ದು ನಟ ತಂದ ನಗು. ಸಬ್‌ರಿಜಿಸ್ಟ್ರಾರ್ ಆಫೀಸಿನ ಫೋನ್ ಮಾತು ಸಪ್ಪೆ ಓದಿಗೂ ನಗಿಸಿತು. ಅಪ್ಪನ ಫೋಟೋ ನೋಡಿ ಹೇಳುವ ಜೋಕಿಗೆ ಯಾರೂ ನಗಲಿಲ್ಲ. ಲೇಖಕಿ ಅಲ್ಲೇ ಅದರ ಮೇಲೆ ಗೀಟು ಎಳೆದರು.

ಗೌರಿ ಹಬ್ಬದ ದೃಶ್ಯಕ್ಕೆ ಚಪ್ಪಾಳೆ ಬರಲಿಲ್ಲ. ನಮ್ಮ ಗುರುತಿನ ಹಾಳೆಯಲ್ಲಿ ಆ ಪುಟ ಖಾಲಿ. ನಗು ಇಲ್ಲ, ಕೆಮ್ಮು ಇಲ್ಲ, ಕುರ್ಚಿ ಸದ್ದಿಲ್ಲ. "ಬಾಗಿನ" ಅಂದಾಗ ಹೆಂಗಸರ ಸಾಲಿನಲ್ಲಿ ಯಾರೋ "ಅಯ್ಯೋ" ಅಂದದ್ದೊಂದೇ. ಲೇಖಕಿಗೆ ಆ ಕ್ಷಣ ಗಾಬರಿಯಾಗಿತ್ತಂತೆ. ಚಪ್ಪಾಳೆ ಬೀಳುತ್ತಿದ್ದ ಜಾಗದಲ್ಲಿ ಏನೂ ಕೇಳಿಸದಿದ್ದರೆ ಯಾರಿಗಾದರೂ ಹಾಗಾಗುತ್ತದೆ. ಸಂವಾದದಲ್ಲಿ, ಎರಡೂ ವಾರ ಬಂದಿದ್ದ ಒಬ್ಬರು ಎದ್ದು ನಿಂತು, "ಆ ಡೈಲಾಗ್ ಯಾಕೆ ತೆಗೆದ್ರಿ? ಅದನ್ನೇ ಕೇಳೋಕೆ ನಮ್ಮ ಮನೆಯವರನ್ನೂ ಕರ್ಕೊಂಡು ಬಂದೆ," ಅಂತ ನೊಂದುಕೊಂಡರು. ಲೇಖಕಿ ಮಾತಾಡಲಿಲ್ಲ. ಮಾತಾಡಬೇಕಾಗಿಯೂ ಇರಲಿಲ್ಲ.

ಎಲ್ಲವೂ ಸರಿಹೋಯಿತು ಅಂತಲ್ಲ. ಅಮ್ಮ ಗಟ್ಟಿಯಾದಷ್ಟೂ ಮಗ ತೆಳ್ಳಗಾದ. ಮೊದಲ ಕರಡಿನಲ್ಲಿ ಅವನಿಗೆ ಸಾಲ ಇತ್ತು, ಮಗುವಿನ ಸ್ಕೂಲ್ ಫೀಸು ಇತ್ತು. ಅದೆಲ್ಲ ಆ ಕೆಮ್ಮಿನ ದೃಶ್ಯದ ಜೊತೆ ಕತ್ತರಿಸಿಹೋಗಿ ಈಗ ಬರೀ ಆಸೆಬುರುಕನ ಹಾಗೆ ಕಾಣುತ್ತಾನೆ. ಹೊಸ ದೃಶ್ಯದ ನಂತರದ ಹತ್ತು ನಿಮಿಷ ಜೋಲು ಬಿದ್ದಿದೆ, ಅಲ್ಲಿ ಕುರ್ಚಿ ಸದ್ದಿನ ಗುರುತು ಸಾಲು ಸಾಲಾಗಿವೆ. ಕೊನೆಯೂ ನಿಂತಿಲ್ಲ. ಎರಡನೇ ಓದಿನಲ್ಲಿ ಮಗಳು ಕಾಗದ ಹರಿಯಲಿಲ್ಲ, ಸೈನೂ ಹಾಕಲಿಲ್ಲ. ಎಲೆ ಮುಂದೆ ಕೂತಳು. ಅರ್ಧ ಜನಕ್ಕೆ ನಾಟಕ ಮುಗಿಯಿತು ಅಂತ ಗೊತ್ತಾಗಲಿಲ್ಲ.

ಉತ್ಸವದ ಕಡೆಯಿಂದ ಎರಡು ವಿಷಯ. ನಟರಿಗೆ ಓಡಾಟದ ಖರ್ಚು ಕೊಟ್ಟೆವು. ಲೇಖಕಿಗೆ ಕೊಟ್ಟ ಗೌರವಧನ ಸ್ಕ್ರಿಪ್ಟಿಗೆ, ನಡುವಿನ ವಾರದ ದುಡಿಮೆಗಲ್ಲ. ಆ ವಾರ ಅವರು ಕಾಲೇಜಿಗೂ ಹೋಗಿ, ಉತ್ತರ ಪತ್ರಿಕೆಯೂ ತಿದ್ದಿ, ರಾತ್ರಿ ಬರೆದರು. ಮುಂದಿನ ಸಲ ಅದಕ್ಕೂ ಹಣ ಇಡಬೇಕು ಅಂತ ಸಮಿತಿಯಲ್ಲಿ ಹೇಳಿದ್ದೇನೆ, ಲೆಕ್ಕ ನೋಡುವವರು ಇನ್ನೂ ಹೂಂ ಅಂದಿಲ್ಲ. ಇನ್ನೊಂದು, ಮೊದಲ ಓದಿನ ಮಾರನೇ ದಿನವೇ ಒಬ್ಬರು ಫೇಸ್‌ಬುಕ್ಕಿನಲ್ಲಿ ವಿಮರ್ಶೆ ಬರೆದು ನಾಟಕದ ಕೊನೆಯನ್ನೂ ಹೇಳಿಬಿಟ್ಟರು. ಓದಿನ ವಿಮರ್ಶೆ ಬರೆಯಬೇಡಿ ಅಂತ ಈಗ ಬಾಗಿಲಲ್ಲೇ ಬೋರ್ಡ್ ಹಾಕುತ್ತೇವೆ.

ತಂಡ ಈ ನಾಟಕವನ್ನು ಪೂರ್ತಿಯಾಗಿ ಆಡಲು ತಯಾರಾಗುತ್ತಿದೆ. ಲೇಖಕಿ ಮಗನ ದೃಶ್ಯವನ್ನು ಮತ್ತೆ ಬರೆಯುತ್ತಿದ್ದಾರೆ. ಬ್ರೋಕರ್ ಪಾತ್ರ ಸೀರಿಯಲ್ ನಟರಿಗೇ, ಆದರೆ ಸೇರಿಸಿ ಮಾತಾಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ. ನಿರ್ದೇಶಕರಿಗೆ ಜೋಲು ಬಿದ್ದ ಹತ್ತು ನಿಮಿಷದ ಜಾಗದಲ್ಲಿ ಒಂದು ಗೌರಿ ಹಾಡು ಬೇಕಂತೆ. ಲೇಖಕಿ ಒಪ್ಪಿಲ್ಲ.